ನೇರಳೆ ಬಣ್ಣದ ವ್ಯಾಜ್ಯ



ತರ್ಕಶಾಸ್ತ್ರದ ತರಗತಿಗಳಲ್ಲಿ ಬಹುಕಾಲದಿಂದ ತೇಲುತ್ತಿರುವ ಹಡಗೊಂದುಂಟು. ಗ್ರೀಕರ ವೀರನಾದ ಥೀಸಿಯಸನ ಹಡಗು ಅದು. ಹಲಗೆ ಜೀರ್ಣವಾದಂತೆಲ್ಲ ಅಥೆನ್ಸಿನವರು ಹೊಸ ಹಲಗೆಯನ್ನು ಹೊಂದಿಸುತ್ತ ಬಂದರು. ಹೀಗೆ ಎಲ್ಲವೂ ಬದಲಾದ ಮೇಲೆ ಅದು ಅದೇ ಹಡಗೆ? ಪ್ಲೂಟಾರ್ಕನು ಬರೆದಿಟ್ಟಿರುವ ಪ್ರಶ್ನೆ ಇದು. ಹದಿನೇಳನೆಯ ಶತಮಾನದಲ್ಲಿ ಆಂಗ್ಲ ತತ್ತ್ವಜ್ಞನಾದ ಹಾಬ್ಸನು ಇದಕ್ಕೆ ಇನ್ನೊಂದು ಗಂಟು ಹಾಕಿದನು: ಬಿಸುಟ ಹಲಗೆಗಳನ್ನೆಲ್ಲ ಒಬ್ಬನು ಆಯ್ದು ತಂದು ಎರಡನೆಯ ಹಡಗನ್ನು ಕಟ್ಟಿದರೆ ಗತಿಯೇನು? ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಇಂಥದು ಎಲ್ಲಿಯಾದರೂ ನಡೆದೀತೆ ಎನ್ನುತ್ತಾರೆ. ನಡೆದಿದೆ. ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗ್ ನಗರದಲ್ಲಿ, ಒಂದು ಕಾಲ್ಚೆಂಡಿನ ಸಂಘದ ವಿಷಯದಲ್ಲಿ ನಡೆದಿದೆ.

ಸಾಲ್ಜ್‌ಬರ್ಗ್ ಎಂದೊಡನೆ ಓದಿದವರಿಗೆ ನೆನಪಾಗುವುದು 1756ರಲ್ಲಿ ಅಲ್ಲಿ ಜನಿಸಿದ ಮೋಟ್ಸಾರ್ಟನ ಹೆಸರು. ಆದರೆ ಆ ಊರಿನ ಎಷ್ಟೋ ಮನೆಗಳಲ್ಲಿ ಅಭಿಮಾನಕ್ಕೆ ಬೇರೊಂದು ವಸ್ತುವೂ ಇದ್ದಿತು. 1933ರಲ್ಲಿ ಹೆರ್ತಾ, ರಾಪಿಡ್ ಎಂಬ ಸ್ಥಳೀಯ ಸಂಘಗಳೆರಡು ಒಂದಾಗಿ ‘ಆಸ್ಟ್ರಿಯ ಸಾಲ್ಜ್‌ಬರ್ಗ್’ ಎನಿಸಿದುವು. ಸಂಘದ ಬಣ್ಣ ನೇರಳೆ ಮತ್ತು ಬಿಳುಪು. 1994ರಲ್ಲಿ ಅದು ಮೊದಲ ಬಾರಿಗೆ ದೇಶದ ಚಾಂಪಿಯನ್ ಆಯಿತು. ಅದೇ ವರ್ಷ ಯೂರೋಪಿನ ಯುಇಎಫ್ಎ ಕಪ್ಪಿನ ಅಂತಿಮ ಸುತ್ತನ್ನೂ ಮುಟ್ಟಿ, ಇಟಲಿಯ ಇಂಟರ್ ಮಿಲಾನ್ ತಂಡಕ್ಕೆ ಎರಡು ಪಂದ್ಯಗಳಲ್ಲಿಯೂ ಒಂದೊಂದೇ ಗೋಲಿನಿಂದ ಸೋತಿತು. ಸಣ್ಣ ಊರಿಗೆ ಅಂಥ ಸೋಲೂ ಒಂದು ಆಸ್ತಿಯೇ ಸರಿ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ಸಂಘವು ತನ್ನ ಹೆಸರನ್ನು ಬಹಳ ಹಿಂದೆಯೇ ಮಾರಿಕೊಂಡಿದ್ದಿತು. 1978ರಿಂದ ಅದು ‘ಕ್ಯಾಸಿನೊ ಸಾಲ್ಜ್‌ಬರ್ಗ್’, ಎಂದರೆ ಜೂಜುಕಟ್ಟೆಯ ಹೆಸರಿನ ಸಂಘ. 1997ರಿಂದ ಒಂದು ಹಣಕಾಸಿನ ಸಂಸ್ಥೆಯ ಹೆಸರಿನಲ್ಲಿ ‘ವ್ಯೂಸ್ಟನ್‌ರೋಟ್ ಸಾಲ್ಜ್‌ಬರ್ಗ್’. 2003ರಲ್ಲಿ ಲೇಹೆನ್ ಬಡಾವಣೆಯ ಹಳೆಯ ಮೈದಾನವನ್ನೂ ಬಿಟ್ಟು ಊರ ಹೊರಗಿನ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಹೆಸರು ಹೋಯಿತು, ನೆಲ ಹೋಯಿತು, ಉಳಿದದ್ದು ಬಣ್ಣವೊಂದು.

2005ರ ಏಪ್ರಿಲಿನಲ್ಲಿ ರೆಡ್ ಬುಲ್ ಎಂಬ ಪಾನೀಯದ ಕಂಪೆನಿ ಸಂಘವನ್ನು ಕೈವಶಮಾಡಿಕೊಂಡಿತು. ಇವರೇನೂ ಸಮುದ್ರದಾಚೆಯಿಂದ ಬಂದವರಲ್ಲ. ಇವರ ಮುಖ್ಯ ಕಚೇರಿ ಸಾಲ್ಜ್‌ಬರ್ಗಿಗೆ ಸಮೀಪದ ಫುಷ್ಲ್ ಎಂಬಲ್ಲಿಯೇ ಇದೆ. ಬಂದವರು ಅಂಗಿಯನ್ನು ಕೆಂಪು ಬಿಳುಪಾಗಿಸಿದರು, ಲಾಂಛನದಲ್ಲಿ ಗೂಳಿಗಳನ್ನು ನಿಲ್ಲಿಸಿದರು. ಅದೂ ಸಾಲದೆ, ಸಂಘ ಸ್ಥಾಪನೆಯಾದದ್ದು 2005ರಲ್ಲಿ ಎಂದು ಪ್ರಕಟಿಸಿದರು! ಆ ಮಾತನ್ನು ತೆಗೆಯಬೇಕೆಂದು ದೇಶದ ಕಾಲ್ಚೆಂಡು ಸಂಸ್ಥೆಯೇ ವಿಧಿಸಬೇಕಾಯಿತು. ಹಳೆಯ ಅಭಿಮಾನಿಗಳು ತಿಂಗಳುಗಟ್ಟಲೆ ಮಾತುಕತೆ ನಡೆಸಿದರು. ಕಡೆಗೆ ಕಂಪೆನಿಯವರು ಕೊಡಲೊಪ್ಪಿದ ನೇರಳೆ ಬಣ್ಣವೆಷ್ಟು ಬಲ್ಲಿರಾ? ಪರಸ್ಥಳದ ಪಂದ್ಯಗಳಲ್ಲಿ ಗೋಲುಗಾರನ ಕಾಲುಚೀಲದಷ್ಟು.

ಹೆಸರನ್ನು ಮಾರುವಾಗ ಸುಮ್ಮನಿದ್ದವರು ಬಣ್ಣಕ್ಕಾಗಿ ಇಷ್ಟು ಹೊಡೆದಾಡುವುದೇಕೆಂದು ಒಬ್ಬ ಮಿತ್ರರು ನನ್ನನ್ನು ಕೇಳಿದರು. ಆಕ್ಷೇಪಣೆ ನ್ಯಾಯವಾದದ್ದೇ. ನನಗೆ ತೋರುವುದು ಹೀಗೆ: ಮೊದಲಿನ ಸಾಹುಕಾರರು ಮನೆಯ ಬಾಗಿಲಿಗೆ ತಮ್ಮ ಹೆಸರಿನ ಹಲಗೆಯನ್ನು ತೂಗುಹಾಕಿದರು, ಒಳಗಿದ್ದವರು ಇದ್ದಂತೆಯೇ ಇದ್ದರು. ಈ ಬಾರಿ ಬಂದವರು, ಇಲ್ಲಿ ಹಿಂದೆ ಮನೆಯೇ ಇರಲಿಲ್ಲ ಎಂದರು. ಅರವತ್ತು ಎಪ್ಪತ್ತು ವರ್ಷಗಳ ನೆನಪನ್ನು ಸುಳ್ಳೆನಿಸಿಕೊಂಡು ಯಾರು ಸುಮ್ಮನಿದ್ದಾರು?

ಅದೇ ವರ್ಷದ ಶರತ್ಕಾಲದಲ್ಲಿ ಅಭಿಮಾನಿಗಳು ತಮ್ಮ ಹಲಗೆಗಳನ್ನು ಕೂಡಿಹಾಕಿಕೊಂಡು ‘ಆಸ್ಟ್ರಿಯ ಸಾಲ್ಜ್‌ಬರ್ಗ್’ ಸಂಘವನ್ನು ಮತ್ತೆ ಕಟ್ಟಿದರು. 2006ರಲ್ಲಿ ಏಳನೆಯ ದರ್ಜೆಯಿಂದ, ಎಂದರೆ ಕಟ್ಟಕಡೆಯ ಮೆಟ್ಟಿಲಿನಿಂದ ಆಟಕ್ಕೆ ತೊಡಗಿದರು. ನಾಲ್ಕು ವರ್ಷಗಳಲ್ಲಿ ನಾಲ್ಕು ಮೆಟ್ಟಿಲು ಹತ್ತಿದರು. 2015ರಲ್ಲಿ ಎರಡನೆಯ ದರ್ಜೆಗೂ ಬಂದರು. ಆದರೆ ಹಣ ಸಾಲದೆ ದಿವಾಳಿಗೆ ಸಿಕ್ಕಿ 2016ರಲ್ಲಿ ಕೆಳಕ್ಕೆ ಇಳಿದರು. ಪ್ರೀತಿಯಿಂದ ಸಂಘ ಹುಟ್ಟಬಹುದು, ಸಂಬಳ ಹುಟ್ಟುವುದಿಲ್ಲವಷ್ಟೆ.

ಇತ್ತ ಕೆಂಪಂಗಿಯವರು 2014ರಿಂದ 2023ರ ವರೆಗೆ ಎಡೆಬಿಡದೆ ಹತ್ತು ಬಾರಿ ದೇಶದ ಚಾಂಪಿಯನ್ನರಾದರು. ಮಾನೆ, ಹಾಲಂಡ್ ಮೊದಲಾದವರು ಜಗತ್ಪ್ರಸಿದ್ಧರಾಗುವ ಮುನ್ನ ಅಲ್ಲಿ ಆಡಿದವರು. ಆ ಆಟವನ್ನು ನಾನು ಹಗುರಾಗಿ ಕಾಣಲಾರೆ. 2005ರ ಬಳಿಕ ಹುಟ್ಟಿದ ಮಗುವಿಗೆ ಕೆಂಪೇ ತನ್ನ ಊರಿನ ಬಣ್ಣವಾಗಿದ್ದರೆ ಅದರಲ್ಲಿ ತಪ್ಪೇನು? ಕಾಯಿದೆಯ ಪ್ರಕಾರ 1994ರ ಗೆಲವೂ ಅವರದೇ. ಆದರೂ ಆ ಗೆಲವನ್ನು ಕಂಡು ಕುಣಿದವರಲ್ಲಿ ಎಷ್ಟೋ ಮಂದಿ ಆಚೆಯ ಹಡಗಿನಲ್ಲಿದ್ದಾರೆ. ಒಡೆತನದ ಪತ್ರ ಒಬ್ಬರಲ್ಲಿ, ನೆನಪು ಇನ್ನೊಬ್ಬರಲ್ಲಿ. ನನ್ನನ್ನು ಕೇಳಿದರೆ ನಾನು ನೆನಪಿನ ಕಡೆಗೇ ವಾಲುತ್ತೇನೆ; ತರ್ಕದ ಅಧ್ಯಾಪಕನಿಗೆ ಇದು ಒಪ್ಪುವಂಥದಲ್ಲವೆಂದು ಬಲ್ಲೆ.

2023ರ ಸೆಪ್ಟೆಂಬರ್ 26ರಂದು, ದೇಶದ ಕಪ್ಪಿನ ಪಂದ್ಯವೊಂದರಲ್ಲಿ ಈ ಎರಡು ಹಡಗುಗಳೂ ಎದುರುಬದುರಾದುವು. ತಮ್ಮ ಸಂಘ 1933ರದೆಂದು ಹೇಳಿಕೊಳ್ಳುವ ಹಕ್ಕು ಎರಡು ಕಡೆಯವರಿಗೂ ಇದ್ದಿತು. ಕೆಂಪಂಗಿಯವರು ನಾಲ್ಕು ಗೋಲು ಹೊಡೆದರು. ನೇರಳೆಯವರು ಒಂದನ್ನೂ ಹೊಡೆಯಲಿಲ್ಲ.