ಮೂತ್ರಪಿಂಡದ ಆರೋಗ್ಯ ಮತ್ತು ನಮ್ಮ ಶಾಲೆ
(ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸ)



ಈ ಕೊಡಿಕೊಂಡದಲ್ಲಿ ಕನ್ನಡದ ಅಕ್ಷರ ಕಲಿತ ನಾನು, ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ರಕ್ತ, ಮೂತ್ರಗಳ ಪರೀಕ್ಷೆ ಮಾಡಿ ನಿವೃತ್ತನಾದವನು, ವೈದ್ಯನಲ್ಲ. ಆದರೂ ಮೂತ್ರಪಿಂಡದ ಕಾಯಿಲೆಯ ಬಗ್ಗೆ ಮಾತನಾಡಲು ಒಂದು ಕಾರಣವಿದೆ. ಒಂದು ದಿನ ನನ್ನ ಮೇಜಿಗೆ ಬಂದ ರಕ್ತದ ಮಾದರಿಯ ಮೇಲೆ ನನ್ನ ಸಹಪಾಠಿಯ ಹೆಸರಿತ್ತು. ಕ್ರಿಯಾಟಿನಿನ್ ಪ್ರಮಾಣ ಕಂಡು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದೆ, ಫಲಿತಾಂಶ ಬದಲಾಗಲಿಲ್ಲ. ಕಡಲೆಕಾಯಿ ಬೆಳೆಯುತ್ತಿದ್ದ ಆತ ಮಂಡಿನೋವಿಗೆಂದು ವರ್ಷಗಟ್ಟಲೆ ಅಂಗಡಿಯ ಮಾತ್ರೆ ನುಂಗಿದ್ದ. ರಕ್ತದೊತ್ತಡವನ್ನು ಒಮ್ಮೆಯೂ ನೋಡಿಸಿರಲಿಲ್ಲ. ಮುಂದೆ ವಾರಕ್ಕೆ ಮೂರು ಬಾರಿ, ನಾಲ್ಕು ನಾಲ್ಕು ಗಂಟೆಗಳ ಡಯಾಲಿಸಿಸ್. ಎರಡು ವರ್ಷಗಳಲ್ಲಿ ಹೊಲವೂ ಹೋಯಿತು, ಆತನೂ ಹೋದ.

ಇಷ್ಟು ತಡವಾಗಿ ತಿಳಿದದ್ದೇಕೆ? ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಅವು ಸೋಸಿ, ಬಹುಪಾಲನ್ನು ದೇಹಕ್ಕೆ ಮರಳಿಸುತ್ತವೆ. ಹೆಚ್ಚಿನ ಶೋಧಕಗಳು ನಾಶವಾಗುವವರೆಗೂ ಉಳಿದವು ಹೊರೆ ಹೊರುವುದರಿಂದ ನೋವಿಲ್ಲ, ಸೂಚನೆಯಿಲ್ಲ. ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡಗಳೇ ಈ ನಾಶಕ್ಕೆ ಮುಖ್ಯ ಕಾರಣಗಳು. ನೋವಿನ ಮಾತ್ರೆಗಳ ದೀರ್ಘ ಸೇವನೆಯೂ ಹಾನಿಕರ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವವರಿಗೆ ಮತ್ತಷ್ಟು ಹಾನಿಕರ.

ಎಲ್ಲ ಕಾರಣಗಳೂ ವಿಜ್ಞಾನಕ್ಕೆ ತಿಳಿದಿವೆಯೆಂದಲ್ಲ. ನಮ್ಮದೇ ರಾಜ್ಯದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲದ ರೈತ, ಕೂಲಿಕಾರರನ್ನೂ ಈ ರೋಗ ಬಲಿ ತೆಗೆದುಕೊಳ್ಳುತ್ತಿದೆ. ದಶಕಗಳ ಅಧ್ಯಯನದ ನಂತರವೂ ಮೂಲ ಖಚಿತವಾಗಿಲ್ಲ. 2023ರ ಡಿಸೆಂಬರಿನಲ್ಲಿ ಅಲ್ಲಿನ ಪಲಾಸದಲ್ಲಿ 200 ಹಾಸಿಗೆಗಳ ಆಸ್ಪತ್ರೆಯೊಡನೆ ಮೂತ್ರಪಿಂಡ ಸಂಶೋಧನಾ ಕೇಂದ್ರ ಆರಂಭವಾಯಿತು.

ಆದರೆ ತಿಳಿದಿರುವ ಕಾರಣಗಳನ್ನು ತಡೆಯಲು ನಾವು ಕಾಯಬೇಕಾಗಿಲ್ಲ. ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆಯು ಒಂದು ಬಗೆಯ ಸಕ್ಕರೆ ರೋಗಿಗಳಲ್ಲಿ ಸಾವು, ಡಯಾಲಿಸಿಸ್, ಮೂತ್ರಪಿಂಡ ಕಸಿ ಇವುಗಳ ಒಟ್ಟು ಅಪಾಯವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು 1993ರಲ್ಲಿಯೇ ಅಮೆರಿಕದ ಸಂಶೋಧನೆಯೊಂದು ತೋರಿಸಿತು. ಅಂಥ ಚಿಕಿತ್ಸೆ ಹಳ್ಳಿಯನ್ನು ಮುಟ್ಟುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಚೆನ್ನೈನ ಮೂತ್ರಪಿಂಡ ತಜ್ಞ ಡಾ. ಎಂ. ಕೆ. ಮಣಿ. ಚೆನ್ನೈ ಸಮೀಪದ ಹಳ್ಳಿಗಳ ಸುಮಾರು 25,000 ಜನರ ನಡುವೆ ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ ನಡೆಸಿದ ಕಾರ್ಯದ ವರದಿ 2003ರಲ್ಲಿ ಪ್ರಕಟವಾಯಿತು. ಅಲ್ಲಿ ಮನೆಮನೆಗೆ ಹೋದವರು ವೈದ್ಯರಲ್ಲ, ಶಾಲೆ ಓದಿದ ಹಳ್ಳಿಯ ಹೆಣ್ಣುಮಕ್ಕಳು. ಅವರು ರಕ್ತದೊತ್ತಡ ಅಳೆದರು. ಮೂತ್ರದಲ್ಲಿ ಸಕ್ಕರೆ ಮತ್ತು ಪ್ರೋಟೀನು ಇದೆಯೇ ಎಂದು ಪರೀಕ್ಷಿಸಿದರು. ದೋಷ ಕಂಡವರನ್ನು ವೈದ್ಯರು ನೋಡಿ ಅಗ್ಗದ ಮಾತ್ರೆಗಳನ್ನು ಕೊಟ್ಟರು. ರಕ್ತದೊತ್ತಡ ಇದ್ದವರಲ್ಲಿ ಬಹುತೇಕರಿಗೆ ಅದು ಹತೋಟಿಗೆ ಬಂದಿತು.

ಆ ಹೆಣ್ಣುಮಕ್ಕಳು ಸಕ್ಕರೆಯ ಪರೀಕ್ಷೆಗೆ ಬಳಸಿದ್ದು ಬೆನೆಡಿಕ್ಟ್ ದ್ರಾವಣ. ಬಂಧುಗಳೇ, ಇದೇ ಶಾಲೆಯ ವಿಜ್ಞಾನದ ಕೋಣೆಯಲ್ಲಿ ನಾನೂ ನನ್ನ ಸಹಪಾಠಿಯೂ ಒಟ್ಟಿಗೆ ನಿಂತು ಆ ನೀಲಿ ದ್ರಾವಣವನ್ನು ಕಾಯಿಸಿ, ಅದು ಇಟ್ಟಿಗೆಯ ಕೆಂಪಾಗುವುದನ್ನು ನೋಡಿದ್ದೆವು. ನಮಗೆ ಅದು ಅಂಕಗಳ ಪಾಠವಾಗಿತ್ತು. ಅದು ಮನೆಯವರ ಪಾಠವೂ ಹೌದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆದ್ದರಿಂದ ನನ್ನದೊಂದು ವಿನಂತಿ. ಪ್ರತಿ ವರ್ಷ ಶಾಲೆಯ ಹುಟ್ಟುಹಬ್ಬದ ದಿನ, ಆರೋಗ್ಯ ಕೇಂದ್ರದ ಸಿಬ್ಬಂದಿಯ ನೆರವಿನಿಂದ, ಊರಿನ ಹಿರಿಯರ ರಕ್ತದೊತ್ತಡ, ಮೂತ್ರಗಳ ಪರೀಕ್ಷೆ ಇಲ್ಲಿಯೇ ನಡೆಯಲಿ. ಮಕ್ಕಳು ತಂದೆತಾಯಿಯರ ಕೈಹಿಡಿದು ಕರೆತರಲಿ. ಮೊದಲ ವರ್ಷದ ವೆಚ್ಚ ನನ್ನದು. ನನ್ನ ಗೆಳೆಯನಿಗೆ ಸಿಗದೆ ಹೋದ ಆ ಹತ್ತು ನಿಮಿಷ ಈ ಊರಿನ ಪ್ರತಿಯೊಬ್ಬರಿಗೂ ಸಿಗಲಿ.