ಎನ್‌ಕೆ ಕೋಶ: ಹುಟ್ಟೋದು ಎಲ್ಲಿ, ಬದುಕೋದು ಹೇಗೆ, ಮಾರೋರು ಹೇಳದೇ ಇರೋದು ಏನು?

ಇವತ್ತಿನ ವಿಷಯ ನಮ್ಮೆಲ್ಲರ ರಕ್ತದಲ್ಲಿ ಓಡಾಡೋ ಒಂದು ಕೋಶ. ಹೆಸರು ನ್ಯಾಚುರಲ್ ಕಿಲ್ಲರ್, ಚಿಕ್ಕದಾಗಿ ಎನ್‌ಕೆ. ನಾನು ಓದಿದ್ದು ಬಿ.ಕಾಂ., ವಿಜ್ಞಾನ ಅಲ್ಲ. ಆದ್ರೂ ಇದನ್ನ ಎತ್ತಿಕೊಂಡಿದ್ದಕ್ಕೆ ಕಾರಣ ಇದೆ. ಹುಣಸೂರು, ಪಿರಿಯಾಪಟ್ಟಣ ಕಡೆಯ ಕೆಲವು ಕೇಳುಗರು ವಾಟ್ಸಾಪ್‌ನಲ್ಲಿ ಒಂದೇ ಥರದ ಜಾಹೀರಾತು ಕಳಿಸಿದ್ದಾರೆ. ಎನ್‌ಕೆ ಕೋಶ ಬೆಳೆಸಿ ಡ್ರಿಪ್‌ನಲ್ಲಿ ಏರಿಸ್ತಾರಂತೆ, ಕ್ಯಾನ್ಸರ್ ವಾಸಿಯಾಗುತ್ತಂತೆ, ಖರ್ಚು ಲಕ್ಷಗಟ್ಟಲೆ. ಅಪ್ಪನಿಗೆ ಮೂತ್ರಕೋಶದ ಕ್ಯಾನ್ಸರ್ ಇದೆ, ಹೊಲ ಅಡ ಇಟ್ಟು ಮಾಡಿಸಬಹುದಾ ಅಂತ ಒಬ್ಬರು ಕೇಳಿದ್ದಾರೆ. ಇದಕ್ಕೆ ಉತ್ತರ ಬೇಕಂದ್ರೆ ಆ ಕೋಶ ಹೇಗೆ ಬದುಕುತ್ತೆ ಅಂತ ಮೊದಲು ತಿಳಿಬೇಕು.

1975ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ರಾಲ್ಫ್ ಕೀಸ್ಲಿಂಗ್ ಮತ್ತು ಜೊತೆಯವರು, ಅದೇ ಹೊತ್ತಿಗೆ ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್‌ಮನ್ ತಂಡ ಈ ಕೋಶಗಳನ್ನ ಗುರುತಿಸಿದ್ರು. ಮೊದಲೇ ತರಬೇತಿ ಇಲ್ಲದೆ ಕ್ಯಾನ್ಸರ್ ಕೋಶವನ್ನ ಕೊಲ್ಲುತ್ತೆ, ಅದಕ್ಕೇ ಆ ಹೆಸರು. ಹುಟ್ಟೋದು ಮೂಳೆಯ ಮಜ್ಜೆಯಲ್ಲಿ, ಉಳಿದ ರಕ್ತಕೋಶಗಳು ಹುಟ್ಟೋ ಜಾಗದಲ್ಲೇ. ಪಕ್ವ ಆಗೋದು ಸ್ವಲ್ಪ ಅಲ್ಲಿ, ಸ್ವಲ್ಪ ದುಗ್ಧಗ್ರಂಥಿ, ಟಾನ್ಸಿಲ್ ಇಂಥ ಕಡೆ.

ಹಾಗಾದ್ರೆ ನಮ್ಮ ಕೋಶವನ್ನೇ ಯಾಕೆ ಕೊಲ್ಲಲ್ಲ? ವೀರನಹೊಸಹಳ್ಳಿ ಗೇಟ್‌ನಲ್ಲಿ ನಾಗರಹೊಳೆ ಕಾಡಿಗೆ ಹೋಗೋರ ಹತ್ರ ಪಾಸ್ ಕೇಳ್ತಾರಲ್ಲ, ಹಾಗೇ. ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳ ಮೈಮೇಲೂ ಒಂದು ಗುರುತಿನ ಪ್ರೋಟೀನ್ ಇದೆ. ಅದು ಕಂಡರೆ ಎನ್‌ಕೆ ಸುಮ್ಮನೆ ಬಿಡುತ್ತೆ. ವೈರಸ್ ಹೊಕ್ಕ ಕೋಶ, ಕ್ಯಾನ್ಸರ್ ಕೋಶ ಎಷ್ಟೋ ಸಲ ಈ ಗುರುತನ್ನ ಬಚ್ಚಿಡುತ್ತವೆ, ಟಿ ಕೋಶಗಳ ಕಣ್ಣು ತಪ್ಪಿಸೋಕೆ. ಅಲ್ಲೇ ಎನ್‌ಕೆಗೆ ಸಿಕ್ಕಿಬೀಳೋದು. ಈ ವಿಚಾರವನ್ನ ಪ್ರಯೋಗದಿಂದ 1986ರಲ್ಲಿ ತೋರಿಸಿದ್ದು ಕ್ಲಾಸ್ ಕಾರೆ ಮತ್ತು ಜೊತೆಯವರು. ಬೆಳೆಯೋ ಹಂತದಲ್ಲೇ ಮನೆಯವರ ಗುರುತು ಕಲಿತ ಎನ್‌ಕೆಗೆ ಪೂರ್ತಿ ಕಸುವು ಬರುತ್ತೆ. ಕಲಿಯದೇ ಇದ್ದದ್ದು ರಕ್ತದಲ್ಲಿ ಇರುತ್ತೆ, ಆದ್ರೆ ಮಂಕಾಗಿರುತ್ತೆ. ಅಂದ್ರೆ ಸಂಖ್ಯೆ ಒಂದೇ ಮುಖ್ಯ ಅಲ್ಲ.

ಈಗ ಬದುಕಿನ ವಿಷಯ. ರಕ್ತದಲ್ಲಿರೋ ಒಂದು ಎನ್‌ಕೆ ಕೋಶದ ಆಯಸ್ಸು ಸುಮಾರು ಎರಡು ವಾರ. ಅಷ್ಟು ದಿನ ಇರೋಕೂ ಇಂಟರ್‌ಲ್ಯೂಕಿನ್-15 ಅನ್ನೋ ಸಂಕೇತ ಬೇಕೇ ಬೇಕು. ಎನ್‌ಕೆ ಅದನ್ನ ತಾನೇ ಮಾಡಿಕೊಳ್ಳಲ್ಲ, ಅಕ್ಕಪಕ್ಕದ ಬೇರೆ ಕೋಶಗಳು ತಮ್ಮ ಮೈಮೇಲೆ ಹಿಡಿದು ತೋರಿಸಬೇಕು. ತುತ್ತು ಕೈಗೆ ಕೊಟ್ಟ ಹಾಗೆ. ಸಿಗದಿದ್ರೆ ಸಾಯುತ್ತೆ. ಈ ಅಂಶವೇ ಇಲ್ಲದ ಹಾಗೆ ಬೆಳೆಸಿದ ಇಲಿಗಳಲ್ಲಿ ಎನ್‌ಕೆ ಕೋಶಗಳು ಇಲ್ಲ ಅನ್ನೋವಷ್ಟು ಕಡಿಮೆ ಅಂತ 2000ದಲ್ಲಿ ಗೊತ್ತಾಯ್ತು. ಮನುಷ್ಯರಲ್ಲಿ ಎನ್‌ಕೆ ಇಲ್ಲದಿದ್ರೆ ಏನಾಗುತ್ತೆ? 1989ರಲ್ಲಿ ವರದಿಯಾದ ಒಬ್ಬ ಹುಡುಗಿಗೆ ಸೀತಾಳೆ ಸಿಡುಬಿನಂಥ ಹರ್ಪಿಸ್ ಗುಂಪಿನ ಸೋಂಕುಗಳೇ ಮತ್ತೆ ಮತ್ತೆ ಜೋರಾಗಿ ಬಂದಿದ್ವು.

ಜಾಹೀರಾತು ಹೇಳದೇ ಇರೋದು ಇದನ್ನೇ. ಹೊರಗೆ ಬೆಳೆಸಿದ ಕೋಶವನ್ನ ಏರಿಸಿದ್ರೆ ಸಾಲದು, ಒಳಗೆ ಅದನ್ನ ಸಾಕೋರು ಯಾರು? 2020ರಲ್ಲಿ ಅಮೆರಿಕದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯವರು ಹೊಕ್ಕುಳಬಳ್ಳಿ ರಕ್ತದ ಎನ್‌ಕೆ ಕೋಶಗಳಿಗೆ ಇಂಟರ್‌ಲ್ಯೂಕಿನ್-15ರ ಜೀನನ್ನೇ ಸೇರಿಸಿ, ಅಂದ್ರೆ ಬುತ್ತಿ ಕಟ್ಟಿ ಕಳಿಸಿದ್ರು. 11 ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ 8 ಜನಕ್ಕೆ ಗುಣ ಕಂಡಿತು. ಅದು ಆರಂಭದ ಪ್ರಯೋಗ, ಅದೂ ರಕ್ತದ ಕ್ಯಾನ್ಸರ್‌ಗೆ. ಭಾರತದಲ್ಲಿ 2023ರಲ್ಲಿ ಅನುಮತಿ ಸಿಕ್ಕಿದ್ದು ಟಿ ಕೋಶದ ಚಿಕಿತ್ಸೆಗೆ. ಅದು ಬೇರೆ, ಇದು ಬೇರೆ.

ಮೂತ್ರಕೋಶದ ಕ್ಯಾನ್ಸರ್‌ಗೆ ಹಳೆಯ, ಪರೀಕ್ಷೆಯಾದ ದಾರಿ ಒಂದಿದೆ. ಮಕ್ಕಳ ತೋಳಿಗೆ ಹಾಕ್ತಾರಲ್ಲ, ಆ ಬಿಸಿಜಿ. 1976ರಿಂದ ಅದನ್ನೇ ಮೂತ್ರಕೋಶದ ಒಳಗೆ ಬಿಟ್ಟು, ಇನ್ನೂ ಸ್ನಾಯುವಿಗೆ ಇಳಿಯದ ಕ್ಯಾನ್ಸರ್ ಮೇಲೆ ನಮ್ಮದೇ ರಕ್ಷಣಾ ಕೋಶಗಳನ್ನ ಎಬ್ಬಿಸ್ತಾ ಇದಾರೆ. ಬಿಸಿಜಿಗೂ ಬಗ್ಗದ ಒಂದು ಬಗೆಗೆ, ಬಿಸಿಜಿ ಜೊತೆ ಇಂಟರ್‌ಲ್ಯೂಕಿನ್-15ರ ಕೆಲಸ ಮಾಡೋ ಔಷಧಿಗೆ 2024ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. 77 ರೋಗಿಗಳಲ್ಲಿ ಶೇ 62 ಜನಕ್ಕೆ ಗಡ್ಡೆಯ ಗುರುತೇ ಕಾಣದ ಹಾಗಾಯ್ತು. ಹೊರಗಿಂದ ಕೋಶ ತರಲಿಲ್ಲ, ಇರೋ ಕೋಶಕ್ಕೆ ಊಟ ಕೊಟ್ಟರು ನೋಡಿ.

ಇನ್ನೊಂದು ಮಾತು, ನಮ್ಮೂರಿನದ್ದು. ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ಹೊತ್ತು ಹೋಗೋ ಮನೆಗಳು ನಮ್ಮವು. ಬೆಳೆ ಬಗ್ಗೆ ಇವತ್ತು ಜಗಳ ಬೇಡ, ಸೇದೋದರ ಬಗ್ಗೆ ಹೇಳ್ತೀನಿ. ಮೂತ್ರಕೋಶದ ಕ್ಯಾನ್ಸರ್‌ಗೆ ಬೀಡಿ, ಸಿಗರೇಟೇ ದೊಡ್ಡ ಕಾರಣ. ಸೇದೋರಲ್ಲಿ ಎನ್‌ಕೆ ಚಟುವಟಿಕೆಯೂ ಕುಗ್ಗಿರುತ್ತೆ. 1995ರ ಒಂದು ಅಧ್ಯಯನದಲ್ಲಿ ಸೇದೋದು ನಿಲ್ಲಿಸಿದ 31 ದಿನಕ್ಕೇ ಅದು ಮತ್ತೆ ಏರಿತ್ತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಹಾಗಾಗಿ ನನ್ನ ಉತ್ತರ: ಹೊಲ ಅಡ ಇಡಬೇಡಿ. ಯಾರಾದ್ರೂ ಎನ್‌ಕೆ ಡ್ರಿಪ್ ಅಂದ್ರೆ, ಈ ಕಾಯಿಲೆಗೆ ಸರ್ಕಾರದ ಅನುಮತಿ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಪ್ರಯೋಗ ಅಂದ್ರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಹುಣಸೂರಲ್ಲಿ ಸಿಟಿಆರ್‌ಐ ಅಂದ್ರೆ ತಂಬಾಕು ಸಂಶೋಧನಾ ಕೇಂದ್ರ ನೆನಪಾಗುತ್ತೆ. ನಾನು ಹೇಳ್ತಿರೋದು ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ, ಆನ್‌ಲೈನಲ್ಲಿ ಯಾರು ಬೇಕಾದ್ರೂ ನೋಡಬಹುದು. ಪ್ರಯೋಗದ ಔಷಧಿಗೇ ದುಡ್ಡು ಕೇಳಿದ್ರೆ ಎದ್ದು ಬನ್ನಿ. ಬಿಸಿಜಿ ಆಗುತ್ತಾ ಅಂತ ಬೆಂಗಳೂರಿನ ಕಿದ್ವಾಯಿಯಂಥ ಕಡೆ ಕ್ಯಾನ್ಸರ್ ವೈದ್ಯರನ್ನ ಕೇಳಿ, ರಿಪೋರ್ಟೆಲ್ಲ ತಗೊಂಡು ಹೋಗಿ. ಅಪ್ಪಾಜಿ ಬೇಗ ಚೇತರಿಸಿಕೊಳ್ಳಲಿ.