ಹಿಮಶಿಖರದ ಹಾದಿ, ಬಿಜ್ಜರಗಿಯ ನೀರು



ಬಿಜ್ಜರಗಿಯ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ರೈತನಿಗೆ ಹಿಮಪರ್ವತದ ಮಾತು ದೂರದ ಕಥೆಯಾಗಿ ತೋರಬಹುದು. ಆದರೆ ಬೆಟ್ಟವೊಂದು ನೀರನ್ನು ಹೇಗೆ ಕಾಯುತ್ತದೆ ಎಂಬುದನ್ನು ಅರಿಯಲು ಆ ಕಥೆಯೇ ನೆರವಾಗುತ್ತದೆ.

ಆಫ್ರಿಕದ ತಾಂಜಾನಿಯಾದಲ್ಲಿ, ಭೂಮಧ್ಯರೇಖೆಯಿಂದ ಕೇವಲ 3 ಡಿಗ್ರಿ ದಕ್ಷಿಣಕ್ಕೆ, ಕಿಲಿಮಂಜಾರೋ ಪರ್ವತವಿದೆ. ಎತ್ತರ 5,895 ಮೀಟರ್. 1848ರಲ್ಲಿ ಯೋಹಾನೆಸ್ ರೆಬ್‌ಮನ್ ಅದರ ನೆತ್ತಿಯ ಹಿಮವನ್ನು ಕಂಡು ವರದಿ ಮಾಡಿದಾಗ ಯೂರೋಪಿನ ಕೆಲವು ಪಂಡಿತರು ನಂಬಲಿಲ್ಲ. ಸುಡುವ ನಾಡಿನಲ್ಲಿ ಹಿಮವೆಲ್ಲಿಯದು ಎಂಬುದು ಅವರ ವಾದ. ಉತ್ತರ ಸರಳವಾದುದು. ಸಾವಿರ ಮೀಟರ್ ಏರಿದಂತೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ವಿಜಯಪುರದ ಬಯಲು ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಆ ಶಿಖರದೆತ್ತರಕ್ಕೆ 30 ಡಿಗ್ರಿಗೂ ಹೆಚ್ಚಿನ ಅಂತರ ಒದಗುತ್ತದೆ.

1889ರಲ್ಲಿ ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲ್ಲರ್ ಶಿಖರವನ್ನು ಮುಟ್ಟಿದರು. ಪುಸ್ತಕಗಳು ಈ ಇಬ್ಬರನ್ನು ಸ್ಮರಿಸುತ್ತವೆ; ಹೊರೆ ಹೊತ್ತ, ದಾರಿ ತೋರಿದ ಸ್ಥಳೀಯರ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು. ಇಂದಿಗೂ ಆರೋಹಿಗಳ ಭಾರವನ್ನು ಹೊರುವವರು ತಪ್ಪಲಿನ ಜನರೇ. ಶಿಖರದಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಅವಸರಿಸಿದವನಿಗೆ ತಲೆಶೂಲೆ, ವಾಂತಿ, ಕೊನೆಗೆ ಪ್ರಾಣಾಪಾಯ. ಆದುದರಿಂದ ಅಲ್ಲಿನ ಮಾರ್ಗದರ್ಶಕರು "ಪೋಲೆ ಪೋಲೆ" ಎನ್ನುತ್ತಾರೆ. ಸ್ವಾಹಿಲಿಯಲ್ಲಿ ನಿಧಾನ, ನಿಧಾನ ಎಂದರ್ಥ.

ಆರೋಹಿಯು ಕೆಲವೇ ದಿನಗಳಲ್ಲಿ ಹಲವು ಲೋಕಗಳನ್ನು ದಾಟುತ್ತಾನೆ. ಮೊದಲು ಚಗ್ಗಾ ರೈತರ ತೋಟಗಳು: ಮರದ ನೆರಳಿನಲ್ಲಿ ಬಾಳೆ, ಬಾಳೆಯ ಕೆಳಗೆ ಕಾಫಿ, ನಡುವೆ ತಲೆಮಾರುಗಳಿಂದ ಕಾದುಕೊಂಡ ನೀರಿನ ಕಾಲುವೆ. ಮಲೆನಾಡಿಗರಿಗೆ ಈ ದೃಶ್ಯ ಅಪರಿಚಿತವಲ್ಲ. ಅದರ ಮೇಲೆ ಮಂಜು ಮುಸುಕಿದ ದಟ್ಟ ಕಾಡು, ಬಳಿಕ ಕುರುಚಲು, ಕಲ್ಲುಮರಳಿನ ಬರಡು, ಕೊನೆಯಲ್ಲಿ ಹಿಮ.

ಆ ಹಿಮ ಈಗ ಕರಗುತ್ತಿದೆ. 1912ರಲ್ಲಿ ಸುಮಾರು 12 ಚದರ ಕಿಲೋಮೀಟರ್ ಇದ್ದದ್ದು 2011ರ ವೇಳೆಗೆ 2 ಚದರ ಕಿಲೋಮೀಟರಿಗೂ ಕಡಿಮೆಯಾಯಿತು. ಭೂಮಿ ಬಿಸಿಯಾಗುತ್ತಿರುವುದರ ಜೊತೆಗೆ ಗಾಳಿ ಒಣಗಿದ್ದು, ಹಿಮಪಾತ ಕುಗ್ಗಿದ್ದು ಇದಕ್ಕೆ ಕಾರಣ. ಇಲ್ಲೊಂದು ಮುಖ್ಯ ಸಂಗತಿಯಿದೆ. ಆ ಹಿಮದ ಬಹುಭಾಗ ನೀರಾಗದೆ ನೇರವಾಗಿ ಆವಿಯಾಗುತ್ತದೆ. ತಪ್ಪಲಿನ ತೊರೆಗಳನ್ನು ಮುಖ್ಯವಾಗಿ ಪೋಷಿಸುವುದು ಕಾಡು: ಮಳೆಯನ್ನು ನೆಲಕ್ಕಿಳಿಸಿ, ಮಂಜನ್ನು ಎಲೆ–ಪಾಚಿಗಳಲ್ಲಿ ಹಿಡಿದು ಹನಿಸುವ ಕಾಡು. ಹಿಮದ ಅಳಿವನ್ನು ಜಗತ್ತು ಛಾಯಾಚಿತ್ರಗಳಲ್ಲಿ ಕಂಡು ಮರುಗುತ್ತದೆ. ಕಾಡಿನ ಮೇಲಂಚನ್ನು ಬೆಂಕಿ ಕೆಳಕ್ಕೆ ತಳ್ಳುತ್ತಿರುವುದನ್ನು ಗಮನಿಸುವವರು ವಿರಳ. 2020ರಲ್ಲಿಯೂ 2022ರಲ್ಲಿಯೂ ಆ ಬೆಟ್ಟ ಹೊತ್ತಿ ಉರಿಯಿತು.

ಈಗ ಬಿಜ್ಜರಗಿಗೆ ಮರಳೋಣ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಸೀಮೆಗೆ ಮಳೆ ಕಡಿಮೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ತಿಕೋಟಾ–ಬಬಲೇಶ್ವರ ಭಾಗಕ್ಕೆ ಏರಿಬರುವುದು ಕೃಷ್ಣೆಯ ನೀರು. ಕೃಷ್ಣೆಗೆ ಹಿಮವಿಲ್ಲ, ಅವಳು ಹುಟ್ಟುವುದು ಮಹಾಬಳೇಶ್ವರದ ಘಟ್ಟದಲ್ಲಿ. ಆದುದರಿಂದ ಘಟ್ಟದಲ್ಲಿ ಕಾಡು ಬೋಳಾದರೆ ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬತ್ತಿದ ಒರತೆ. ಆ ನಷ್ಟ ಬಯಲಿನ ಜೋಳ, ದ್ರಾಕ್ಷಿಗಳವರೆಗೂ ಹರಿದುಬರುತ್ತದೆ.

ಮಲೆನಾಡಿನವರು ಬೇಸಿಗೆಯ ಕಾಳ್ಗಿಚ್ಚನ್ನು ತಡೆಯಲಿ, ಅಬ್ಬಿಯ ನೆತ್ತಿಯ ಮರಗಳನ್ನು ಉಳಿಸಲಿ. ಬಯಲಿನವರು ಬದು ಹಾಕಿ, ಕೃಷಿಹೊಂಡ ತೋಡಿ, ಬಿದ್ದ ಹನಿಯನ್ನು ಹೊಲದಲ್ಲೇ ಇಂಗಿಸಲಿ. ವಿದ್ಯಾರ್ಥಿಗಳು ತಮ್ಮೂರಿನ ಒಂದು ಒರತೆ, ಒಂದು ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಲಿ. ಶಿಖರವನ್ನು ಏರುವವರು ಕೆಲವರು. ಅದರ ನೀರನ್ನು ಕುಡಿಯುವವರು ಎಲ್ಲರೂ. ಏರಲಿ ಬಿಡಲಿ, ಬೆಟ್ಟವನ್ನು ಕಾಯುವ ಹೊಣೆ ಕುಡಿಯುವವರದೇ.